ಸದ್ದಿಲ್ಲದ ಬಾಣಂತಿ

“ನನ್ ಕೈ ಯಾವಾಗ ಇಷ್ಟೊಂದು ಭಾರ ಆದ್ವು?”

ಬಾಣಂತಿ ಕೋಣೆಯಿಂದ ಬಂದ ಮಾತು. ಒಳಗೆ ಶ್ವೇತ, ಅವಳ ಹದಿನೆಂಟು ದಿನದ ಕೂಸು ಬಿಟ್ಟರೆ ಯಾರೂ ಇರಲಿಲ್ಲ. ನಡುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಅತ್ತಿಗೆ ಲತಾಮಣಿ ಕುಡುಗೋಲು ಕೆಳಗಿಟ್ಟಳು.

ಆ ಕೈಗಳನ್ನು ಅವಳು ಬಲ್ಲಳು. ಒಂಬತ್ತು ವರ್ಷದ ಹಿಂದೆ ತಾನು ಸಾತನೂರಿನ ಈ ಮನೆಗೆ ಸೊಸೆಯಾಗಿ ಬಂದಾಗ ನಾದಿನಿ ಶ್ವೇತಳಿಗೆ ಹದಿಮೂರು. ಆಗಷ್ಟೇ ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಹಕ್ಕಿಗರಿಯಲ್ಲಿ ಎಳೆಸೊಪ್ಪಿನ ಮೇಲೆ ಸರಿಸುವ ಕೆಲಸ ಅವಳದೇ. ಅತ್ತೆ ಶಿವಲಿಂಗಮ್ಮ ಪಕ್ಕದಲ್ಲಿ ಕೂತು ಶಿವನ ಪದ ಹೇಳುವಳು. “ಅವ್ವ, ನಿನ್ ಪದ ಕೇಳಿ ಹುಳ ಮೇಯೋದ್ ಬುಟ್ಟು ಮಲಿಕ್ಕಂಡ್ವು,” ಎಂದು ಹುಡುಗಿ ನಗುವಳು. ತವರಿನ ನೆನಪಾದಾಗೆಲ್ಲ ಲತಾಮಣಿ ಆ ನಗುವಿನ ಹತ್ತಿರ ಹೋಗಿ ಕೂರುತ್ತಿದ್ದಳು.

ಮದುವೆಯಾಗಿ ಬಿಡದಿಗೆ ಹೋದ ಶ್ವೇತಳಿಗೆ, ಬಸುರಿಯಾಗಿದ್ದ ಆರನೇ ತಿಂಗಳಲ್ಲಿ ಎಚ್‌ಐವಿ ಇದೆಯೆಂದು ತಿಳಿಯಿತು. ಕಾರ್ಖಾನೆಯಲ್ಲಿದ್ದ ಗಂಡ ಕೆಂಪರಾಜುವಿಗೂ ಇತ್ತು. ತವರಿನಲ್ಲಿ ಲತಾಮಣಿಯೊಬ್ಬಳಿಗೇ ಗೊತ್ತು. ಹೆರಿಗೆಯಲ್ಲಿ ಮಾತ್ರೆ ಕೊಟ್ಟು, ಕೂಸಿಗೂ ಔಷಧಿ ಹಾಕಿದ್ದರು. ಕೂಸಿಗಿಲ್ಲವೆಂದು ಖಚಿತವಾಗಲು ಒಂದೂವರೆ ವರ್ಷ ಕಾಯಬೇಕಂತೆ.

ಆರನೇ ತಿಂಗಳಿಂದಲೇ ಅವಳ ಮಾತು ನಿಂತದ್ದು. ಶಿವಲಿಂಗಮ್ಮನಿಗೆ ಮಾತ್ರ ಹೆಮ್ಮೆ. ಕಿವಿಗೆ ಬಟ್ಟೆ ಕಟ್ಟಿ ಮಲಗಿಸಿದರೆ ಮಲಗುತ್ತಾಳೆ, ಗುಟುಕು ನೀರು ಕೇಳುವುದಿಲ್ಲ, ಸದ್ದಿಲ್ಲ, ಬಾಣಂತಿಯೆಂದರೆ ಹೀಗಿರಬೇಕು ಎಂದು ಬೀದಿಗೆಲ್ಲ ಹೇಳಿಬಂದಿದ್ದಳು. ಲತಾಮಣಿಯೂ ಹಾಗೇ ಅಂದುಕೊಂಡಿದ್ದಳು, ಈ ಮಾತು ಕಿವಿಗೆ ಬೀಳುವವರೆಗೆ.

ಒಳಗೆ ಹೋದರೆ ಕೂಸು ಅಳುತ್ತಿತ್ತು. ಶ್ವೇತ ಸೂರು ನೋಡುತ್ತಿದ್ದಳು. ಡಬ್ಬಿ ಹಾಲು ಕಲಸಿ ಕುಡಿಸುವುದು ಮೊದಲಿನಿಂದ ಲತಾಮಣಿಯೇ. ತೊಡೆಯ ಮೇಲೆ ಹಾಕಿಕೊಂಡೊಡನೆ ಅದು ಅವಳ ಬೆರಳು ಹಿಡಿದು ಸುಮ್ಮನಾಯಿತು. ಒಂಬತ್ತು ವರ್ಷದಲ್ಲಿ ಅವಳ ಮಡಿಲಿಗೆ ಬಂದದ್ದು ಇದೊಂದೇ.

ಮನಸ್ಸು ಕುಗ್ಗುವುದೂ ಕಾಯಿಲೆಯೇ, ಅದಕ್ಕೂ ಮದ್ದಿದೆ ಎಂದು ಆಸ್ಪತ್ರೆಯಲ್ಲಿ ಸಲಹೆ ಹೇಳುವ ಮೇಡಂ ಅಂದದ್ದು ನೆನಪಾಯಿತು. ಸೋಮವಾರ ಕನಕಪುರದ ಆಸ್ಪತ್ರೆಗೆ ಹೋಗೋಣ, ನಾನೂ ಬರುತ್ತೇನೆ ಎಂದು ಶ್ವೇತಳಿಗೆ ಹೇಳಿದಳು.

“ನನ್ ಬುಟ್ಬುಡು ಅತ್ಗೆ,” ಎಂದಳು ಶ್ವೇತ. “ಇವ್ನ ನೀನೇ ಮಡಿಕ್ಕೊ. ನಿನ್ಗೇ ಅಂಟ್ಕಂಡವ್ನೆ. ನಾನಿಲ್ದಿದ್ರೂ ಬೆಳೀತಾನೆ.”

ಹೂಂ ಎನ್ನುವುದು ಲತಾಮಣಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದರೆ ಈ ಹುಡುಗಿಗೆ ಬದುಕಲು ಏನೂ ಉಳಿಯದು. ಬೆರಳು ಬಿಡಿಸಿಕೊಂಡು, ಕೂಸನ್ನೆತ್ತಿ ಶ್ವೇತಳ ಮಗ್ಗುಲಿಗೆ ಮಲಗಿಸಿದಳು.

“ಆಗಾಕಿಲ್ಲ ಕಣವ್ವ. ನಾ ಮಡಿಕ್ಕಳಾಕಿಲ್ಲ.”