ಮಂಡಿ ಬೋರ್ಡಿನ ಕೊನೆಯ ಸಾಲು

ಬಾ ಇದೆ, ಕೆ ಇದೆ, ನಡುವಿನ ಳಿ ಎಲ್ಲಿ ಹೋಯಿತು, ಬಾಳಿಕೆ ಎಂದಾಗಬೇಕಿತ್ತಲ್ಲ, ಸಿಮೆಂಟಿನ ಜಾಹೀರಾತು ಬರೆದಿದ್ದ ಗೋಡೆಗೆ ಯಾರೋ ಕಿಟಕಿ ಇಡಿಸಿದ್ದಾರೆ, ಸರಿಯಾಗಿ ಳಿ ಇದ್ದ ಜಾಗದಲ್ಲೇ, ಆ ಕಿಟಕಿಯಿಂದ ಒಬ್ಬ ಹೆಂಗಸು ಅಕ್ಕಿ ತೊಳೆದ ನೀರನ್ನು ಹೊರಕ್ಕೆ ಚೆಲ್ಲುತ್ತಿದ್ದಾಳೆ — ಬಸ್ಸು ದಾಟಿಯೇ ಹೋಯಿತು, ರಾಚಮ್ಮ ಕತ್ತು ತಿರುಗಿಸಿ ನೋಡಿದರೂ ಸಿಕ್ಕಲಿಲ್ಲ, ತೆರಕಣಾಂಬಿ ಬರಲು ಇನ್ನೂ ಹೊತ್ತಿದೆ, ಗುಂಡ್ಲುಪೇಟೆಯಲ್ಲಿ ಹತ್ತಿದಾಗಿನಿಂದ ಅವಳು ಓದದೆ ಬಿಟ್ಟ ಗೋಡೆ ಒಂದಿಲ್ಲ, ಗೊಬ್ಬರ, ಹೊಲಿಗೆ ತರಬೇತಿ, ಮೂಲವ್ಯಾಧಿಗೆ ಗ್ಯಾರಂಟಿ ಚಿಕಿತ್ಸೆ, ಇದೊಂದು ಚಟ, ಐವತ್ತೇಳು ವರ್ಷದ ಹೆಂಗಸಿಗೆ ಎಲೆ ಅಡಿಕೆಯ ಚಟವಿದ್ದರೆ ಊರು ಸುಮ್ಮನಿರುತ್ತದೆ, ಓದುವ ಚಟಕ್ಕೆ ನಗುತ್ತದೆ, ನಗಲಿ, ಪಕ್ಕದಲ್ಲಿ ಕೂತ ಮಲ್ಲೇಶ್ ಮಾತ್ರ ನಗುತ್ತಿಲ್ಲ, ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ವರ್ತಕರ ಸಂಘದ ಗುಮಾಸ್ತ ಅವನು, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು, ಅದರೊಳಗೆ ಒಂದೇ ಒಂದು ಹಾಳೆ, ಅವನೇ ಟೈಪು ಮಾಡಿಸಿದ್ದು, ಚಾಮರಾಜನಗರದಲ್ಲಿ ಸಂಘದ ಅಧ್ಯಕ್ಷರ ಮುಂದೆ ಅವಳು ಅದಕ್ಕೆ ಹೆಬ್ಬೆಟ್ಟು ಒತ್ತಬೇಕು, ಒತ್ತಿದರೆ ಮಂಡಿಯ ಕೆಲಸ ಉಳಿಯುತ್ತದೆ, ಹೆಬ್ಬೆಟ್ಟು, ಸಹಿಯಲ್ಲ. ಅಷ್ಟೇ ಕಣಕ್ಕ, ಒತ್ಬುಟ್ಟು ಮದ್ಯಾನ್ನದ ಬಸ್ಸಿಗೇ ವಾಪಸ್ ಬಂದ್ಬುಡನ, ಎಂದಿದ್ದ ಮಲ್ಲೇಶ್ ಬೆಳಿಗ್ಗೆ. ಒಳ್ಳೆಯವನೇ. ಕಿಟಕಿ ಸೀಟನ್ನು ಅವಳಿಗೇ ಬಿಟ್ಟುಕೊಟ್ಟಿದ್ದಾನೆ.

ಹಾಳೆಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತು, ಅವನು ಚಹಾ ಕುಡಿಯಲು ಹೋದಾಗ ಓದಿಬಿಟ್ಟಿದ್ದಾಳೆ, ಓದು ಬರಹ ಬಾರದ ಹೆಂಗಸಾದ ನಾನು ಅರ್ಥ ತಿಳಿಯದೆ ಬೋರ್ಡಿನ ಮೇಲೆ ಗೀಚಿರುತ್ತೇನೆ, ಇದೊಂದು ಬಾರಿ ಕ್ಷಮಿಸಬೇಕು — ಓದು ಬರಹ ಬಾರದ ಹೆಂಗಸು ಎಂದು ಬರೆದದ್ದನ್ನು ಆ ಹೆಂಗಸೇ ನಿಂತುಕೊಂಡು ಓದಿದಳಲ್ಲ, ನಗು ಬಂದಿತ್ತು, ಹಾಳೆಯನ್ನು ಇದ್ದ ಹಾಗೇ ಫೈಲಿನೊಳಗೆ ಇಟ್ಟಳು. ಹನ್ನೊಂದು ವರ್ಷದಿಂದ ಮಂಡಿ ಗುಡಿಸಿ, ಈರುಳ್ಳಿ ಆರಿಸಿ, ಸೀಮೆಸುಣ್ಣ ಹಿಡಿದು ದರದ ಬೋರ್ಡನ್ನೂ ಬರೆಯುವವಳು ಇವಳೇ ಅಲ್ಲವೇ ಎಂದು ಅವರು ಕೇಳಿದರೆ, ಎಂದದ್ದಕ್ಕೆ ಮಲ್ಲೇಶ್ ಹೇಳಿದ್ದು, ನೀನು ಅಕ್ಸರ ನೋಡ್ಕಂಡು ಚಿತ್ರ ಬರ್ದಂಗೆ ಬರೀತೀಯ ಅಂತ ಏಳ್ಬುಡನ ಕಣಕ್ಕ, ಓದಕ್ ಬತ್ತದೆ ಅಂದ್ರೆ ಬೇಕಂತ್ಲೇ ಬರ್ದವ್ಳೆ ಅಂತಾಯ್ತದೆ, ಬರಲ್ಲ ಅಂದ್ರೆ ಯಾರ್ ಏನ್ ಮಾಡಕಾಯ್ತದೆ. ಅವನ ಲೆಕ್ಕಾಚಾರದಲ್ಲಿ ತಪ್ಪು ಹುಡುಕಲು ಅವಳಿಂದ ಆಗಲಿಲ್ಲ. ತಪ್ಪು ಇದ್ದದ್ದು ಬೋರ್ಡಿನಲ್ಲಿ, ಅದೂ ಒಂದೇ ಅಕ್ಷರ, ದೇಶ ಆಳುವವರೇ ಎಂದು ಬರೆಯಲು ಹೋಗಿ ದೇಶ ಹಾಳುವವರೇ ಎಂದು ಬರೆದಳು, ಯಾರೋ ಪುಣ್ಯಾತ್ಮ ಫೋಟೋ ಹೊಡೆದು ಹತ್ತು ವಾಟ್ಸಾಪ್ ಗುಂಪಿಗೆ ಕಳಿಸಿದ, ದೇಶ ಹಾಳು ಮಾಡುವವರು ಎಂದು ನಮ್ಮವರನ್ನೇ ಬೈದಿದ್ದಾಳೆ ಎಂದು ಸಂಘಕ್ಕೆ ದೂರು ಬಂತು, ಆಳಿಗೂ ಹಾಳಿಗೂ ನಡುವೆ ಇರುವುದು ಬಾಯಿಂದ ಹೊರಟ ಒಂದಿಷ್ಟು ಉಸಿರು, ಅಷ್ಟಕ್ಕೇ ಅಷ್ಟು ದೂರದ ಬಸ್ಸು.

ಆ ಹ ಹುಟ್ಟಿನಿಂದಲೇ ಅವಳ ಬಾಯಲ್ಲಿಲ್ಲ, ಅವ್ವನ ಬಾಯಲ್ಲಿರಲಿಲ್ಲ, ಊರ ಬಾಯಲ್ಲೇ ಇಲ್ಲ, ಹಾಲು ಆಲಾಗುತ್ತದೆ, ಹುಲಿ ಉಲಿಯಾಗುತ್ತದೆ, ಶಾಂತಿ ಮೇಡಂ ಹೊಂಗೆ ಮರದ ಕೆಳಗೆ ಸ್ಲೇಟು ಹಂಚುವವರೆಗೆ ಹ ಎನ್ನುವುದೊಂದಿದೆ ಎಂದೇ ಯಾರಿಗೂ ತಿಳಿದಿರಲಿಲ್ಲ, ಆಗ ಅವಳಿಗೆ ಇಪ್ಪತ್ತನಾಲ್ಕು, ಸಾಕ್ಷರತೆ ಆಂದೋಲನ ಎಂದು ಜೀಪಿನಲ್ಲಿ ಮೈಕು ಕೂಗಿಕೊಂಡು ಹೋಗಿತ್ತು, ಕಳೆ ಕಿತ್ತು ಬಂದು ಮಧ್ಯಾಹ್ನ ಮೂರಕ್ಕೆ ಕೂತರೆ ಬೆರಳ ಸಂದಿಯ ಮಣ್ಣು ಸ್ಲೇಟಿಗೆ ಮೆತ್ತಿಕೊಳ್ಳುತ್ತಿತ್ತು, ಕಾಲೇಜು ಮುಗಿಸಿದ್ದ ಆ ಹುಡುಗಿ ಇವಳ ಕೈ ಮೇಲೆ ತನ್ನ ಕೈ ಇಟ್ಟು ತಿದ್ದಿಸುತ್ತಿದ್ದಳು, ಎಷ್ಟು ಮೆತ್ತಗಿತ್ತು ಆ ಕೈ, ರಾಚಮ್ಮ, ನಿಮ್ಮೂರಿನವರ ಬಾಯಿಂದ ಹ ಬಿದ್ದುಹೋಗುತ್ತೆ, ಬರೆಯುವಾಗ ನೆನಪಿಟ್ಟುಕೊಂಡು ಎತ್ತಿಕೊಳ್ಳಿ. ಎತ್ತಿಕೊಂಡಳು, ಬಿದ್ದಿಲ್ಲದ ಕಡೆಯಲ್ಲೂ ಎತ್ತಿಕೊಂಡಳು, ಆನೆಯನ್ನು ಹಾನೆ ಮಾಡಿದಳು, ಅಕ್ಕಿಗೆ ಹಕ್ಕಿ ಎಂದು ಬರೆದಳು, ಮಂಡಿಗೆ ಬಂದ ಹೊಸದರಲ್ಲಿ, ಆಗ ಅಲ್ಲಿ ಅಕ್ಕಿಯನ್ನೂ ಮಾರುತ್ತಿದ್ದರು, ಬೋರ್ಡಿನ ಮೇಲೆ ಸೋನಾ ಮಸೂರಿ ಹಕ್ಕಿ, ಮೂಟೆಗೆ ಇಷ್ಟು, ಹಮಾಲರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ರಾಚಕ್ಕ, ಆರೋಗಾಕ್ ಮುಂಚೆ ತೂಕ ಆಕ್ಬುಡು, ಅಂದರು, ಅವಳೂ ನಕ್ಕಳು, ಒರೆಸಿ ಬರೆದಳು, ಇವತ್ತಿಗೂ ಸಂಶಯ ಬಂದ ಕಡೆ ಅವಳ ಕೈ ಹ ಕಡೆಗೇ ವಾಲುತ್ತದೆ, ಕಡಿಮೆಯಾಗುವುದಕ್ಕಿಂತ ಒಂದು ಹೆಚ್ಚಿರಲಿ ಎನ್ನುವ ಬಡವರ ಬುದ್ಧಿ. ಶಾಂತಿ ಮೇಡಂ ಈಗ ಕುದೇರಿನಲ್ಲಿದ್ದಾರೆ, ಹೋದ ವರ್ಷ ಆಸ್ಪತ್ರೆಯ ಮುಂದೆ ಸಿಕ್ಕಾಗ ರಸ್ತೆಯಲ್ಲೇ ಕಾಲು ಮುಟ್ಟಲು ಬಗ್ಗಿದಳು, ಅಯ್ಯೋ ಏಳಿ ಏಳಿ ಎಂದು ಆಕೆ ಹಿಂದಕ್ಕೆ ಸರಿದರು, ಏನು ಕೊಟ್ಟಿದ್ದಾರೆಂದು ಆಕೆಗೇ ಗೊತ್ತಿಲ್ಲ, ಕೊಟ್ಟವರಿಗೆ ಮರೆತುಹೋಗಿದೆ, ಇಸಕೊಂಡವಳಿಗೆ ಮರೆಯುವುದಿಲ್ಲ. ಎರಡು ಕಣ್ಣು ದೇವರು ಕೊಟ್ಟ, ಅವು ಕಾಣುವಂತೆ ಮಾಡಿದವರು ಅವರು.

ಬಸ್ಸು ತೆರಕಣಾಂಬಿಯಲ್ಲಿ ನಿಂತಿತು, ಹೂವಿನ ಮೂಟೆ ಹತ್ತಿತು, ಚೆಂಡು ಹೂವಿನ ಘಾಟು, ಮೂಟೆಯ ಜೊತೆಗೆ ಬಂದವನ ಕಿಸೆಯಲ್ಲಿ ಪೇಪರು ಮಡಚಿ ಇಟ್ಟಿದೆ, ಎರಡು ಅಕ್ಷರ ಕಾಣುತ್ತಿದೆ, ಯುದ್ — ಯುದ್ಧವೇ ಇರಬೇಕು, ಇನ್ನೇನು, ಯಾವ ದಿನ ಬಿಡಿಸಿದರೂ ಅದೇ, ಮಂಡಿಯಲ್ಲಿ ಪೇಪರು ಮೊದಲು ಅವಳ ಕೈಗೇ ಬರುತ್ತದೆ, ಈರುಳ್ಳಿ ದರ ಬರೆದು ಮುಗಿಸಿದ ಮೇಲೆ ಬೋರ್ಡಿನ ಕೆಳಗೆ ಒಂದು ಗೇಣು ಜಾಗ ಉಳಿಯುತ್ತಿತ್ತು, ಖಾಲಿ ಬಿಡಲು ಮನಸ್ಸು ಬರದೆ ಒಂದು ದಿನ ಅಲ್ಲಿ ಒಂದು ಸುದ್ದಿ ಬರೆದಳು, ಮಾರನೇ ದಿನ ಸುದ್ದಿಯ ಹಿಂದೆ ತನ್ನದೂ ಒಂದು ಮಾತು, ದೂರದ ಊರಲ್ಲಿ ಬಾಂಬು ಬಿದ್ದರೆ ನಮ್ಮ ಅಡುಗೆ ಎಣ್ಣೆ ಏರುತ್ತದೆ, ನಮ್ಮ ಎಣ್ಣೆ ಇಳಿದರೂ ಅವರ ಮಗ ವಾಪಸ್ ಬರುವುದಿಲ್ಲ, ಹೀಗೆ ಏನೋ ಒಂದು. ನಿನಗ್ಯಾಕಮ್ಮಿ ರಷ್ಯದ ಉಸಾಬರಿ, ಎಂದವನು ಹಮಾಲರ ಪೈಕಿ ಪುಟ್ಟಬಸಪ್ಪ ಒಬ್ಬನೇ, ಉಳಿದವರು ಕಾಯತೊಡಗಿದರು, ತಲೆಯ ಮೇಲೆ ಮೂಟೆ ಹೊತ್ತುಕೊಂಡೇ ನಿಂತು ಓದುವವರು, ಓದಲು ಬಾರದವರಿಗೆ ಓದಿ ಹೇಳುವವರು, ಕೇರಳದ ಬತ್ತೇರಿಯಿಂದ ಲಾರಿ ತರುವ ಮಲಯಾಳಿ ಡ್ರೈವರು ಇಳಿದ ತಕ್ಷಣ ಚೇಚೀ, ಇನ್ನೆಂದಾ ವಾರ್ತೆ, ಅಕ್ಕಾ ಇವತ್ತೇನು ಸುದ್ದಿ ಎಂದು ಕೇಳುತ್ತಾನೆ, ಅವನ ತಮ್ಮ ಕೊಲ್ಲಿ ದೇಶದಲ್ಲಿದ್ದಾನೆ, ಆ ಕಡೆ ಏನಾದರೂ ಹಾರಿದರೆ ಇವನಿಗೆ ಊಟ ಸೇರುವುದಿಲ್ಲ. ಗಂಡ ನಾಗಯ್ಯನಿಗಂತೂ ಹೆಮ್ಮೆ, ನಮ್ಮೋಳು ಓದೋಳು ಕಣ್ಲಾ, ಎಂದು ಎಲ್ಲರಿಗೂ ಹೇಳುತ್ತಾನೆ, ಎಲ್ಲಿಗ್ಲಾ ಓದೋಳು, ವಾಪಸ್ ಬತ್ತಾಳಾ, ಎಂದು ಅವರು ಕಾಲೆಳೆಯುತ್ತಾರೆ, ಹೋಗುವುದಕ್ಕೂ ಓದುವುದಕ್ಕೂ ಇವರ ಬಾಯಲ್ಲಿ ವ್ಯತ್ಯಾಸವೇ ಇಲ್ಲ, ಅವಳಿಗೂ ಇಲ್ಲ, ಓದಿದ್ದರಿಂದಲೇ ಅವಳು ಕೂತಲ್ಲಿಂದ ಎಷ್ಟೋ ಊರಿಗೆ ಹೋಗಿ ಬಂದಿದ್ದಾಳೆ. ಎಷ್ಟು ಜನ ಎಷ್ಟು ಕೊಟ್ಟಿದ್ದಾರೆ, ಸೀಮೆಸುಣ್ಣ ಸಂಘದ್ದು, ಪೇಪರು ವರ್ತಕರದ್ದು, ಬೋರ್ಡಿಗೆ ವರ್ಷಕ್ಕೊಮ್ಮೆ ಕಪ್ಪು ಬಳಿಸುವವನು ಈ ಮಲ್ಲೇಶನೇ, ಮೊದಲು ಇವರೆಲ್ಲರಿಗೂ ಕೈ ಮುಗಿಯಬೇಕು.

ಬೋರ್ಡಿನ ಆ ಸಾಲಿಗೆ ಕಾರಣವಾದ ವಿಡಿಯೋ ತೋರಿಸಿದವಳು ಪುಟ್ಟಸಿದ್ದಮ್ಮ, ಜೊತೆಯಲ್ಲಿ ಸಾಂಬಾರ್ ಈರುಳ್ಳಿ ಆರಿಸುವವಳು, ಮಗಳು ಕೊಡಿಸಿದ ಫೋನು, ನೋಡಕ್ಕ ಇಲ್ಲಿ, ಎಂದು ಮೂಗಿಗೇ ಹಿಡಿದಳು, ಯಾವ ದೇಶವೋ, ಚಾವಣಿ ಇಲ್ಲ, ಒಂದೇ ಒಂದು ಗೋಡೆ ನಿಂತಿದೆ, ಅದರ ಮುಂದೆ ಒಬ್ಬ ಮುದುಕಿ, ಇವಳದೇ ವಯಸ್ಸಿರಬಹುದು, ಧೂಳು ಮುದುಕಿ ಮಾಡಿದೆ, ಕೈಯಲ್ಲಿ ಇದ್ದಿಲು, ಗೋಡೆಯ ಮೇಲೆ ಬರೆಯುತ್ತಿದ್ದಾಳೆ, ಬಲಗಡೆಯಿಂದ ಎಡಗಡೆಗೆ, ಅಳುತ್ತಿಲ್ಲ, ಯಾರನ್ನೂ ನೋಡುತ್ತಿಲ್ಲ, ನಿಧಾನವಾಗಿ ಬರೆಯುತ್ತಿದ್ದಾಳೆ, ಮುಗಿಯುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಏನಂತಕ್ಕ ಬರ್ದಿರಾದು, ಪುಟ್ಟಸಿದ್ದಮ್ಮ ಕೇಳಿದಳು, ಓದುವವಳು ಎನ್ನಿಸಿಕೊಂಡವಳಿಗೆ ಅವತ್ತು ಓದಲು ಬರಲಿಲ್ಲ, ನಾಚಿಕೆಯಾಯಿತು, ಬತ್ತೇರಿಯ ಡ್ರೈವರು ಮದರಸದಲ್ಲಿ ಆ ಅಕ್ಷರ ಕಲಿತವನು, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಪೇರಾಣು ಚೇಚೀ, ಮೂನ್ನು ಪೇರು, ಅಂದ, ಹೆಸರು, ಮೂರು ಹೆಸರು, ಬೇರೇನೂ ಇಲ್ಲ, ಶಾಪವಿಲ್ಲ, ಬೈಗುಳವಿಲ್ಲ, ಬಿದ್ದ ಮನೆಯ ಕೆಳಗೆ ಉಳಿದವರ ಹೆಸರು, ಮಕ್ಕಳೇ ಇರಬೇಕು. ಮೂರನ್ನೂ ಅವನು ಹೇಳಿದ, ಅವಳು ಕನ್ನಡದಲ್ಲಿ ಕೈಯ ಮೇಲೆ ಬರೆದುಕೊಂಡಳು, ಹ ಎಲ್ಲೂ ಹೆಚ್ಚಾಗದಂತೆ, ಮಾರನೇ ಬೆಳಿಗ್ಗೆ ಬೋರ್ಡಿನ ಕೊನೆಗೆ ಬರೆದದ್ದು ಅದಕ್ಕೇ, ದೇಶ ಆಳುವವರೇ, ಮಕ್ಕಳು ಮಲಗಿರುವ ಮನೆಯ ಮೇಲೆ ಬಾಂಬು ಹಾಕಬೇಡಿ. ಯಾವ ದೇಶ ಎಂದು ಬರೆಯಲಿಲ್ಲ, ಯಾವ ದೇಶವಾದರೂ ಸರಿ, ಈ ಕಡೆಯ ಮಕ್ಕಳು ಆ ಕಡೆಯ ಮಕ್ಕಳು ಎಂದು ಅವಳ ಕೈಯಲ್ಲಿ ಆರಿಸಲು ಆಗುವುದಿಲ್ಲ, ಇಡೀ ದಿನ ಈರುಳ್ಳಿ ಆರಿಸುವ ಕೈಯೇ ಆದರೂ. ಬರೆಯುವಾಗ ಹ ಬಂದು ಕೂತುಬಿಟ್ಟಿತು.

ಉಡಿಗಾಲದ ಹತ್ತಿರ ಮಲ್ಲೇಶ್ ಬಾಯಿ ಬಿಟ್ಟ, ಬೇರೆ ದೇಸವಾಗಿದ್ರೆ ಇಷ್ಟೊತ್ಗೆ ನಿನ್ನ ಎತ್ತಾಕಂಡೋಗಿರೋರು ಕಣಕ್ಕ, ಎಬ್ಬೆಟ್ಟಲ್ಲಿ ಮುಗೀತಾ ಅದೆ, ಪುಣ್ಯ ಅನ್ಕೊ. ಅಂದುಕೊಂಡಳು, ನಿಜವಾಗಿಯೂ ಅಂದುಕೊಂಡಳು, ಪೇಪರಿನಲ್ಲಿ ನೋಡಿಲ್ಲವೇ, ಎದೆಯ ಮೇಲೆ ಪತ್ರಕರ್ತ ಎಂದು ಬರೆದುಕೊಂಡವರನ್ನೇ ಹೊಡೆಯುತ್ತಾರೆ, ಬರೆದದ್ದಕ್ಕೆ ಮನೆಗೆ ವಾಪಸ್ ಬರದವರಿದ್ದಾರೆ, ಇಲ್ಲಿ ದೂರು ಕೊಟ್ಟವನೂ ಬರೆದೇ ಕೊಟ್ಟ, ಕಲ್ಲು ಎಸೆಯಲಿಲ್ಲ, ಅವನಿಗೂ ಒಂದು ನಮಸ್ಕಾರ, ಅವಳ ಬೋರ್ಡನ್ನು ಅಷ್ಟು ಗಮನವಿಟ್ಟು ಓದಿದವನು ಅವನೊಬ್ಬನೇ ಇರಬೇಕು. ಹೇಳುವ ಹಕ್ಕು ಅವಳಿಗಿದ್ದರೆ ಸರಿಯಿಲ್ಲ ಎನ್ನುವ ಹಕ್ಕು ಅವನಿಗೂ ಇದೆ, ಅದರಲ್ಲಿ ಅವಳಿಗೆ ತಕರಾರಿಲ್ಲ, ತಪ್ಪು ಅಕ್ಷರಕ್ಕೆ ತಪ್ಪಾಯಿತು ಎನ್ನಲೂ ಸಿದ್ಧ, ನೂರು ಸಲ ಸಿದ್ಧ, ಆದರೆ ಓದು ಬರಹ ಬಾರದವಳು ಎಂದು ಒತ್ತಿದರೆ ಶಾಂತಿ ಮೇಡಂ ಬರಲೇ ಇಲ್ಲ ಎಂದಾಯಿತು, ಹೊಂಗೆ ಮರ ಇರಲೇ ಇಲ್ಲ ಎಂದಾಯಿತು, ಪಡೆದದ್ದನ್ನು ಪಡೆದೇ ಇಲ್ಲ ಎಂದು ಬರೆದುಕೊಟ್ಟರೆ ಅದೆಂಥ ಉಪಕಾರಸ್ಮರಣೆ, ಪುಣ್ಯ ಎಂದುಕೊಂಡ ಮಾತ್ರಕ್ಕೆ ಬೆರಳನ್ನು ಮಸಿಗೆ ಅದ್ದಬೇಕೇ — ಒತ್ತದಿದ್ದರೆ ಕೆಲಸ ಹೋಗುತ್ತದೆ, ನಾಗಯ್ಯನ ಮಂಡಿನೋವಿನ ಮಾತ್ರೆ, ಮಳೆಗಾಲ ಬೇರೆ, ಗೋಡೆ, ಇದ್ದಿಲು, ಬಲದಿಂದ ಎಡಕ್ಕೆ ಹೋಗುವ ಕೈ, ಆಕೆಗೆ ಯಾರು ಕಲಿಸಿದರೋ, ಆ ಊರಲ್ಲೂ ಒಬ್ಬ ಶಾಂತಿ ಮೇಡಂ ಇದ್ದಿರಬೇಕು. ಮಲ್ಲೇಶಪ್ಪ, ನಿನ್ ಉಪಕಾರ ಮರೆಯಲ್ಲ ಕಣಪ್ಪ, ಎಂದಳು ಇದ್ದಕ್ಕಿದ್ದಂತೆ, ಅವನು ಒಪ್ಪಿಕೊಂಡಳೆಂದೇ ತಿಳಿದು ಸಮಾಧಾನದಿಂದ ಕಣ್ಣು ಮುಚ್ಚಿದ.

ಅಧ್ಯಕ್ಷ ರಂಗನಾಯಕರ ಕಚೇರಿಯಲ್ಲಿ ಫ್ಯಾನು ಕಿರುಗುಟ್ಟುತ್ತಿದೆ, ಗೋಡೆಯಲ್ಲಿ ಹೋದ ವರ್ಷದ ಕ್ಯಾಲೆಂಡರು, ಕೂತ್ಕೊಳ್ಳಮ್ಮ, ನೀರ್ ಕುಡೀತೀಯಾ, ಕೆಟ್ಟ ಮನುಷ್ಯನಲ್ಲ, ಫೋನು ಬರುತ್ತಲೇ ಇದೆ, ಮಾತಾಡುತ್ತಲೇ ಹಾಳೆಯನ್ನು ಇವಳ ಕಡೆ ತಿರುಗಿಸಿದರು, ಮಸಿಯ ಡಬ್ಬಿಯ ಮುಚ್ಚಳವನ್ನು ಮಲ್ಲೇಶ್ ತೆಗೆದ, ನೀಲಿ, ಒದ್ದೆ, ಇಲ್ಲಿ ಒತ್ತಕ್ಕ — ಎದುರಿಗೆ ಪೆನ್ನಿದೆ, ಅವರ ಪೆನ್ನು, ಸ್ವಾಮಿ, ಒಂದ್ ಗಳಿಗೆ, ಎಂದು ಅದನ್ನು ತೆಗೆದುಕೊಂಡೇಬಿಟ್ಟಳು, ಓದು ಬರಹ ಬಾರದ ಎನ್ನುವಲ್ಲಿಂದ ಕೊನೆಯವರೆಗೂ ನೇರವಾಗಿ ಗೆರೆ ಎಳೆದಳು, ಮಂಡಿಯಲ್ಲಿ ಹಳೆಯ ದರ ಹೊಡೆದುಹಾಕುವ ಗೆರೆ ಅದು, ಕೆಳಗೆ ಬರೆಯತೊಡಗಿದಳು, ಆಳುವವರು ಎಂದು ಬರೆಯಲು ಹೋಗಿ ತಪ್ಪು ಅಕ್ಷರ ಬರೆದೆ, ಅಕ್ಷರಕ್ಕೆ ಕ್ಷಮಿಸಿ, ಮಾತು ನನ್ನದೇ. ಅಯ್ಯೋ ಅಕ್ಕ, ಎಂದ ಮಲ್ಲೇಶ್. ರಂಗನಾಯಕರು ಫೋನು ಕೆಳಗಿಟ್ಟರು, ಇದೇನಮ್ಮ ಇದು, ನಿಂಗ್ ಬರಿಯಕ್ ಬತ್ತದೆ ಅಂತ ನೀನೇ ಬರ್ದುಕೊಟ್ಟಂಗಾಯ್ತಲ್ಲ, ನಾಳೆಯಿಂದ ಮಂಡಿ ಕೆಲ್ಸ, ಬೋರ್ಡು ಎಲ್ಡೂ ಬೇರೆಯೋರಿಗ್ ಕೊಡಬೇಕಾಯ್ತದೆ. ಗೊತ್ತು ಸ್ವಾಮಿ, ಅನ್ನೊಂದು ವರ್ಸ ಕೊಟ್ಟಿದ್ರಲ್ಲ, ದೊಡ್ಡದು, ಎಂದಳು, ಅದು ವ್ಯಂಗ್ಯವಲ್ಲ, ಕಣ್ಣು ತುಂಬಿತ್ತು, ಇನ್ನು ಸಹಿ ಮಾತ್ರ ಬಾಕಿ, ರಾ ಬರೆದಳು, ಚ ಬರೆದಳು, ಪೆನ್ನು ನಿಂತಿತು, ಬೇರೇನೂ ಅಲ್ಲ, ಆ ವಿಡಿಯೋದ ಕೊನೆ, ಇಷ್ಟು ದಿನ ನೋಡಿಯೂ ನೋಡದಿದ್ದದ್ದು ಈಗ ಕಾಣುತ್ತಿದೆ, ಮೂರನೇ ಹೆಸರಿಗೆ ಇದ್ದಿಲು ಸವೆದು ಮುಗಿದುಹೋಗುತ್ತದೆ, ಆಕೆ ನಿಲ್ಲಿಸುವುದಿಲ್ಲ, ಬೆರಳಿಗೆ ಅಂಟಿದ ಕಪ್ಪಿನಲ್ಲೇ ಉಳಿದ ಅಕ್ಷರ ತಿದ್ದುತ್ತಾಳೆ, ಗೋಡೆಗೆ ಒತ್ತಿ, ಎಳೆದು, ಮತ್ತೆ ಒತ್ತಿ — ಹೆಬ್ಬೆಟ್ಟಿನಲ್ಲಿ ಬರೆಯುತ್ತಿದ್ದಾಳೆ, ಆ ಹೆಬ್ಬೆಟ್ಟೂ ಬರೆಯುತ್ತದೆ, ಕಪ್ಪಾದ ಹೆಬ್ಬೆಟ್ಟು, ರಾಚಮ್ಮ ಪೆನ್ನನ್ನು ಮತ್ತೆ ಊರಿ ಮ್ಮ ಬರೆದಳು.