ಅತ್ತೆಯನ್ನು ಬಿಟ್ಟು ಬರಲು ಹೋದದ್ದು

ಆ ಮನೆಯ ಲೆಕ್ಕ ಒಂಬತ್ತು ತಲೆ. ನಲ್ಲಿ, ಪೈಪು ರಿಪೇರಿ ಮಾಡುವ ಗಂಡ, ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವ ಹೆಂಡತಿ, ಗಂಡನ ತಾಯಿ, ಮೇಲೆ ಆರು ಮಕ್ಕಳು. ಆರಾ ಅಂತ ಹುಬ್ಬೇರಿಸಬೇಡಿ. ನಡುವೆ ಅವಳಿ ಬಂದು ಲೆಕ್ಕ ಕೆಡಿಸಿತು, ಇಲ್ಲದಿದ್ದರೆ ನಾಲ್ಕಕ್ಕೇ ನಿಲ್ಲಿಸುತ್ತಿದ್ದೆವು ಅಂತ ಆಕೆ ಕೇಳಿದವರಿಗೆಲ್ಲ ಹೇಳುತ್ತಾಳೆ. ಅವಳಿಯ ನಂತರ ಮತ್ತೆ ಮೂರು ಹೇಗೆ ಹುಟ್ಟಿದವು ಅಂತ ಕೇಳಿದರೆ ಮಾತ್ರ ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಅಂತ ಒಳಗೆ ಹೋಗಿಬಿಡುತ್ತಾಳೆ.

ದೊಡ್ಡ ಮಗಳಿಗೆ ಹದಿನಾರು. ಅವಳ ಕೆಳಗೆ ಅವಳಿ ಹುಡುಗರು. ಆಮೇಲೆ ಲಾಯರ್, ಅಂದರೆ ಹಲ್ಲುಜ್ಜು ಅಂದರೂ ಯಾಕೆ ಅಂತ ವಾದಕ್ಕೆ ನಿಲ್ಲುವ ಎಂಟು ವರ್ಷದ ಹುಡುಗಿ. ಅವಳ ತಮ್ಮ ನಿಂಬೆಹಣ್ಣು, ವ್ಯಾನು ಹತ್ತಿದರೆ ಸಾಕು ಹೊಟ್ಟೆ ತೊಳೆಸುತ್ತದೆ ಅಂತ ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತ ಕೂರುವವನು. ಕೊನೆಯವನು ಗುಂಡ. ಎರಡೂವರೆ ವರ್ಷ, ಅಜ್ಜಿಯ ಮಡಿಲು ಬಿಟ್ಟರೆ ಬೇರೆಲ್ಲೂ ಕಣ್ಣು ಮುಚ್ಚದ ಹಟಮಾರಿ.

ಒಮ್ಮೆ ಅವಳಿಗಳಲ್ಲಿ ಒಬ್ಬನನ್ನು ಕ್ಷೌರದಂಗಡಿಯಲ್ಲೇ ಮರೆತು ಬಂದಿದ್ದರು. ಅಂದಿನಿಂದ ಆ ವ್ಯಾನಿನಲ್ಲಿ ಒಂದು ಪದ್ಧತಿ. ಎಲ್ಲರೂ ಹತ್ತಿದ ಮೇಲೆ ಸೊಸೆ ಹಿಂದಿನ ಸೀಟಿನಿಂದ ಒಬ್ಬೊಬ್ಬರ ತಲೆ ಮುಟ್ಟುತ್ತ ಬರುತ್ತಾಳೆ, ಮುಂದೆ ಕೂತ ಗಂಡನ ತಲೆ ಮುಟ್ಟಿ, ಕಡೆಗೆ ತನ್ನ ಹಣೆ ಮುಟ್ಟಿಕೊಂಡು, 'ಒಂಬತ್ತು' ಅನ್ನುತ್ತಾಳೆ. ಆಮೇಲೆಯೇ ಗಂಡ ಬೀಗದ ಕೈ ತಿರುಗಿಸುವುದು. ಅವಳ ಎಣಿಕೆಯ ಮೇಲೆ ಅವನಿಗೆ ಅಷ್ಟು ನಂಬಿಕೆ. ಇರಬೇಕಾದದ್ದೇ. ದಿನಕ್ಕೆ ನೂರಾರು ಗುಂಡಿ ಎಣಿಸುವ ಕೈ ಅದು. ಹಿಂದೊಮ್ಮೆ ಗಾರ್ಮೆಂಟ್ಸಿನ ಸೂಪರ್‌ವೈಸರು ಒಂದು ಅಂಗಿ ಕಡಿಮೆ ಇದೆ ಅಂತ ಕೂಗಾಡಿದ್ದ, ಕಡೆಗೆ ಅದು ಅವನ ಚೀಲದಲ್ಲೇ ಸಿಕ್ಕಿತು.

ಈ ಸಲದ ಪ್ರಯಾಣ ಮಾತ್ರ ಬೇರೆ ಥರ. ಹೋಗುವಾಗ ಒಂಬತ್ತು, ಬರುವಾಗ ಎಂಟು. ಅತ್ತೆಯನ್ನು ಕಿರಿಯ ಮಗನ ಮನೆಯಲ್ಲಿ ಬಿಟ್ಟು ಬರಬೇಕಿತ್ತು. ಒಂದೆರಡು ವಾರಕ್ಕಲ್ಲ, ಇನ್ನು ಮುಂದೆ ಅಲ್ಲೇ ಇರುವುದಕ್ಕೆ.

ಇದಕ್ಕೆಲ್ಲ ಕಾರಣ ಸೊಸೆಯ ಬಾಯಿ. ಚಳಿಗಾಲದಲ್ಲಿ ಹನ್ನೆರಡು ಡಜನ್ ಅಂಗಿ ಒಂದೇ ವಾರದಲ್ಲಿ ಮುಗಿಸಬೇಕಾಗಿ ಬಂದಿತ್ತು. ಅವಳ ಮಷೀನು ಇರುವುದು ಮುಂದಿನ ಕೋಣೆಯಲ್ಲಿ, ಅತ್ತೆಯ ಮಂಚ ಇರುವುದೂ ಅದೇ ಕೋಣೆಯಲ್ಲಿ. ಅತ್ತೆ ಗುಡಿಸುವಾಗ ಗುಂಡಿಯ ಡಬ್ಬಿಯನ್ನು ಎತ್ತಿ ಎಲ್ಲೋ ಇಟ್ಟರು. ಎಲ್ಲಿಟ್ಟರು ಅಂತ ಅವರಿಗೇ ನೆನಪಿಲ್ಲ. ಸೊಸೆಗೆ ತಲೆ ಕೆಟ್ಟುಹೋಯಿತು. ಈ ಮನೆಯಲ್ಲಿ ಮನುಷ್ಯರು ಉಸಿರಾಡುವುದಕ್ಕೂ ಜಾಗ ಇಲ್ಲ ಅಂದುಬಿಟ್ಟಳು. ಹದಿನೆಂಟು ವರ್ಷದಲ್ಲಿ ಅವರಿಬ್ಬರೂ ಎಷ್ಟು ಜಗಳ ಆಡಿಲ್ಲ ಹೇಳಿ. ಚಹಾ ಎಷ್ಟು ಕುದಿಯಬೇಕು, ಕಿಟಕಿ ತೆಗೆಯಬೇಕೋ ಮುಚ್ಚಬೇಕೋ, ದುಪ್ಪಟಿ ಉದ್ದಕ್ಕೆ ಮಡಚುವುದೋ ಅಡ್ಡಕ್ಕೋ, ಎಲ್ಲಕ್ಕೂ ಜಗಳವೇ. ಆದರೆ ಅತ್ತೆ ಯಾವಾಗಲೂ ಒಂದಕ್ಕೆರಡು ವಾಪಸು ಕೊಡುತ್ತಿದ್ದರು. ಅವತ್ತು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಮುಂದಿನ ಭಾನುವಾರ ಕಿರಿಯ ಮಗನಿಗೆ ತಾವೇ ಫೋನು ಮಾಡಿ, ನಿನ್ನ ಮನೆಯ ಆ ಖಾಲಿ ಕೋಣೆಗೆ ನಾನು ಬರಲೇನಪ್ಪಾ ಅಂತ ಕೇಳಿದರು.

ಒಳಗಿನಿಂದ ಸೊಸೆ ಅದನ್ನು ಕೇಳಿಸಿಕೊಂಡಳು. ಬೇಡ ಅತ್ತೆ, ಕೋಪದಲ್ಲಿ ಅಂದೆ ಅಂತ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಬೇಕಲ್ಲ! ಮೊದಲ ವಾರ ಕೋಪ ಬಿಡಲಿಲ್ಲ. ಎರಡನೇ ವಾರ ನಾಚಿಕೆ ಬಿಡಲಿಲ್ಲ. ಮೂರನೇ ವಾರದ ಹೊತ್ತಿಗೆ ಕಿರಿಯ ಮಗ ಆ ಕೋಣೆಗೆ ಬಣ್ಣ ಹೊಡೆಸಿದ್ದ, ಹೊಸ ಪರದೆ ಹಾಕಿಸಿದ್ದ. ಇನ್ನು ಹೇಗೆ ಬಾಯಿ ತೆರೆಯುವುದು. ಅತ್ತೆಗೆ ಹೋಗುವ ಆಸೆ ಇರಬಹುದು, ಪಾಪ, ಈ ಗಲಾಟೆಯಲ್ಲಿ ಸಾಕಾಗಿರಬಹುದು ಅಂತ ತನಗೆ ತಾನೇ ಹೇಳಿಕೊಂಡಳು. ಅತ್ತೆಯ ಮನಸ್ಸಿನಲ್ಲಿ ಏನಿದೆ ಅಂತ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಚಳಿ ಹಿಂದೆ ಸರಿಯಿತು. ಬೀದಿಯ ಮರಗಳೆಲ್ಲ ಚಿಗುರಿದವು. ವಸಂತ ಬಂತೆಂದರೆ ಆ ಮನೆಯಲ್ಲಿ ವರ್ಷದ ದೊಡ್ಡ ಕೆಲಸ. ಚಳಿಗಾಲವಿಡೀ ಬಿಗಿಯಾಗಿ ಮುಚ್ಚಿದ್ದ ಕಿಟಕಿಗಳನ್ನು ತೆಗೆಯಬೇಕು, ರಜಾಯಿಗಳನ್ನು ಬಿಸಿಲಿಗೆ ಹಾಕಬೇಕು, ಉಣ್ಣೆಯ ಬಟ್ಟೆ ಒಗೆದು ಪೆಟ್ಟಿಗೆಗೆ ಸೇರಿಸಬೇಕು. ಪ್ರತಿ ವರ್ಷ ಅತ್ತೆ ಸೊಸೆ ಇಬ್ಬರೂ ಸೇರಿ ಇದನ್ನು ಮಾಡುವವರು, ಅಂದರೆ ಇಬ್ಬರೂ ಸೇರಿ ಜಗಳ ಆಡುತ್ತ ಮಾಡುವವರು. ಈ ವರ್ಷ ಜಗಳವೇ ಇಲ್ಲ. ರಜಾಯಿಯ ಒಂದು ತುದಿ ಅತ್ತೆ ಹಿಡಿದರು, ಇನ್ನೊಂದು ತುದಿ ಸೊಸೆ ಹಿಡಿದಳು. ನಿನಗೆ ಹೇಗೆ ಬೇಕೋ ಹಾಗೆ ಮಡಚು ಅಂದರು ಅತ್ತೆ. ಆ ಮಾತಿಗೆ ಸೊಸೆಗೆ ಅಳು ಬರುವ ಹಾಗಾಯಿತು. ಹದಿನೆಂಟು ವರ್ಷದಿಂದ ಕೇಳಬೇಕು ಅಂತಿದ್ದ ಮಾತು ಅದು, ಕೇಳಿದರೆ ಇಷ್ಟು ಕೆಟ್ಟದಾಗಿರುತ್ತದೆ ಅಂತ ಯಾರಿಗೆ ಗೊತ್ತಿತ್ತು.

ಹೊರಡುವ ಹಿಂದಿನ ದಿನ ಅತ್ತೆ ಅವಳನ್ನು ಕೂರಿಸಿಕೊಂಡು ಮಕ್ಕಳ ವಿಚಾರ ಒಪ್ಪಿಸಿದರು. ನಿಂಬೆಹಣ್ಣಿಗೆ ಹೊಟ್ಟೆ ಖಾಲಿ ಇದ್ದರೆ ವಾಂತಿ ಹೆಚ್ಚು, ಹೊರಡುವ ಮುಂಚೆ ಒಣ ಬ್ರೆಡ್ಡು ಕೊಡು. ದೊಡ್ಡವಳು ಸುಮ್ಮನೆ ಇದ್ದಾಳೆ ಅಂದರೆ ಅವಳಿಗೆ ಹುಷಾರಿಲ್ಲ ಅಂತಲೇ ಅರ್ಥ. ಲಾಯರ್ ಜೊತೆ ವಾದಕ್ಕೆ ಇಳಿಯಬೇಡ, ನೀನೇ ಸೋಲ್ತೀಯ. ತಾನು ಹೆತ್ತ ಮಕ್ಕಳ ವಿಷಯ ತನಗೇ ಹೇಳುತ್ತಿದ್ದಾರಲ್ಲ ಅಂತ ಬೇರೆ ದಿನವಾದರೆ ಸೊಸೆ ಮುಖ ಊದಿಸುತ್ತಿದ್ದಳು. ಅವತ್ತು ಹೊಸದಾಗಿ ಕೇಳುವವಳ ಹಾಗೆ ಎಲ್ಲದಕ್ಕೂ ಹೂಂ ಅಂದಳು.

ಬೆಳಿಗ್ಗೆ ವ್ಯಾನು ಹೊರಟಿತು. ಸೀಟಿನ ಕೆಳಗೆ ಪೈಪಿನ ಜಾಯಿಂಟುಗಳು, ಹಿಂದೆ ಅತ್ತೆಯ ಟ್ರಂಕು, ಬುಟ್ಟಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ. ನಾಲ್ಕು ಗಂಟೆಯ ದಾರಿ. ಅವಳಿಗಳು ಎದುರಿಗೆ ಬಂದ ಲಾರಿಗಳನ್ನು ಎಣಿಸಿ ಜಗಳ ಆಡಿದರು. ಅಪ್ಪ ತಪ್ಪು ದಾರಿ ಹಿಡಿದಿದ್ದಾನೆ ಅಂತ ಲಾಯರ್ ಮೂರು ಸಲ ಸಾಬೀತು ಮಾಡಿದಳು, ಒಂದು ಸಲ ಅದು ನಿಜವೂ ಆಗಿತ್ತು. ಒಂದು ಕಡೆ ಹೊಲದ ತುಂಬ ಹಳದಿ ಹೂ ಬಿಟ್ಟಿತ್ತು. ನಿಂಬೆಹಣ್ಣಿಗೆ ವ್ಯಾನು ನಿಲ್ಲಿಸಲೇಬೇಕಾದ ಜಾಗವೂ ಅದೇ ಆದ್ದರಿಂದ ಎಲ್ಲರೂ ಇಳಿದು ಕಾಲಾಡಿಸಿದರು. ಅತ್ತೆ ಗುಂಡನ ಕೈಹಿಡಿದು ಬದುವಿನ ಮೇಲೆ ನಡೆಸುತ್ತಿದ್ದರು. ಸೊಸೆ ಹತ್ತಿರ ಹೋದಳು. ಹೇಳಬೇಕು ಅಂತಲೇ ಹೋದದ್ದು. ಚಹಾ ಕುಡೀತೀರಾ ಅಂತ ಕೇಳಿ ವಾಪಸು ಬಂದಳು. ಅಂಥ ಹೇಡಿ.

ಕಿರಿಯ ಮಗನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಂಡ ಹೆಂಡತಿ ಇಬ್ಬರೇ. ಹೆಂಡತಿ ಅವತ್ತು ಡ್ಯೂಟಿಗೆ ಹೋಗಿದ್ದಳು, ಅವನೊಬ್ಬನೇ ಗೇಟಿನ ಹತ್ತಿರ ಕಾದು ನಿಂತಿದ್ದ. ಮಹಡಿಯ ಮೇಲೆ ಅಮ್ಮನ ಕೋಣೆ. ಸೊಸೆ ಒಳಗೆ ಕಾಲಿಟ್ಟವಳೇ ಏನಾದರೂ ಕೊರತೆ ಕಾಣುತ್ತದಾ ಅಂತ ಮೂಲೆ ಮೂಲೆ ನೋಡಿದಳು. ಹಾಸಿಗೆ ಮೆತ್ತಗಿತ್ತು. ಕಿಟಕಿಯ ಹೊರಗೆ ಬಿಳಿ ಹೂ ಬಿಟ್ಟ ಮರ. ಬಚ್ಚಲುಮನೆಗೆ ಹೋಗುವ ದಾರಿಯಲ್ಲಿ ಹಿಡಿದುಕೊಳ್ಳಲು ಕಂಬಿ ಕೂಡ ಹಾಕಿಸಿದ್ದ. ಅವಳಿಗೆ ಭಾರಿ ಕೋಪ ಬಂತು. ಒಂದಾದರೂ ತಪ್ಪು ಮಾಡಬಾರದಾ ಈ ಹುಡುಗ. ಅತ್ತೆ ಮಂಚದ ಮೇಲೆ ಕೂತು, ಚೆನ್ನಾಗಿದೆ ಕಣೋ ಅಂದರು. ಕೂತ ಕಡೆಯಿಂದ ಏಳಲಿಲ್ಲ, ಕಿಟಕಿಯ ಹತ್ತಿರ ಹೋಗಿ ಮರ ನೋಡಲೂ ಇಲ್ಲ. ಅದನ್ನು ಸೊಸೆ ಗಮನಿಸಿದಳು.

ಊಟ ಆಯಿತು, ಹೊರಡುವ ಹೊತ್ತಾಯಿತು. ಗುಂಡನಿಗೆ ನಿದ್ದೆ ಬಂದು ಅವನು ಊರು ಒಂದು ಮಾಡುವ ಹಾಗೆ ರಂಪ ಹಿಡಿದ. ಅಪ್ಪ ಎತ್ತಿಕೊಂಡರೆ ಒದ್ದ, ಅಕ್ಕ ಎತ್ತಿಕೊಂಡರೆ ಕಚ್ಚಿದ. ಕಡೆಗೆ ಅತ್ತೆಯೇ, ಕೊಡಿ ಇಲ್ಲಿ, ವ್ಯಾನಿನಲ್ಲಿ ಮಲಗಿಸಿ ಇಳಿದುಬಿಡ್ತೀನಿ ಅಂತ ಅವನನ್ನು ಮಡಿಲಿಗೆ ಹಾಕಿಕೊಂಡು ಎಂದಿನ ತಮ್ಮ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತರು. ಕಿರಿಯ ಮಗ ಗೇಟು ತೆಗೆಯಲು ಹೋದ. ಗಂಡ ಟೈರು ಒದ್ದು ನೋಡಿದ. ಅವಳಿಗಳು ಯಾರು ಎಲ್ಲಿ ಕೂರಬೇಕು ಅಂತ ಹೊಡೆದಾಡಿದರು. ಈ ಗಲಾಟೆಯಲ್ಲಿ ಕಾಲು ಗಂಟೆ ಕಳೆಯಿತು. ಗೇಟಿನ ಹತ್ತಿರ ನಿಂತವನು ಅಮ್ಮ ಇಳಿದು ಮೇಲೆ ಹೋಗಿ ಮಲಗಿದ್ದಾಳೆ ಅಂದುಕೊಂಡ. ಚಾಲಕನ ಸೀಟಿನಲ್ಲಿ ಕೂತವನು ಅಂದುಕೊಂಡದ್ದೂ ಅದನ್ನೇ. ಅಳುತ್ತ ಬೀಳ್ಕೊಡುವುದು ಅಮ್ಮನಿಗೆ ಆಗದು ಅಂತ ಇಬ್ಬರೂ ಮಕ್ಕಳಿಗೆ ಗೊತ್ತು.

ಸೊಸೆ ಹತ್ತಿ ತಲೆ ಮುಟ್ಟುತ್ತ ಬಂದಳು. ಅವಳಿಗಳು ಎರಡು, ದೊಡ್ಡವಳು ಮೂರು, ಲಾಯರ್ ನಾಲ್ಕು, ನಿಂಬೆಹಣ್ಣು ಐದು, ಅಜ್ಜಿಯ ಮಡಿಲಲ್ಲಿ ಬಾಯಿ ತೆರೆದು ಮಲಗಿದ ಗುಂಡ ಆರು. ಅವಳ ಕೈ ಅಲ್ಲಿಗೆ ನಿಂತಿತು. ಅತ್ತೆಯ ತಲೆ ಕಿಟಕಿಯ ಗಾಜಿಗೆ ಒರಗಿತ್ತು, ಕಣ್ಣು ಮುಚ್ಚಿತ್ತು. ಎಬ್ಬಿಸಬೇಕು. ಅತ್ತೆ, ಇಳೀರಿ ಅನ್ನಬೇಕು. ಲಾಯರ್ ಏನೋ ಹೇಳಲು ಬಾಯಿ ತೆರೆದಳು. ಅಮ್ಮ ಒಂದು ನೋಟ ನೋಡಿದಳು ನೋಡಿ, ಹುಟ್ಟಿದಂದಿನಿಂದ ಮೊದಲ ಸಲ ಆ ಹುಡುಗಿ ವಾದವಿಲ್ಲದೆ ಬಾಯಿ ಮುಚ್ಚಿಕೊಂಡಳು. ದೊಡ್ಡವಳು ತಮ್ಮಂದಿರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಸೊಸೆ ಅತ್ತೆಯ ನರೆತ ಕೂದಲನ್ನು ಬೆರಳ ತುದಿಯಿಂದ ಮುಟ್ಟಿದಳು. ಏಳು. ಮುಂದೆ ಬಂದು ಗಂಡನ ತಲೆ ಮುಟ್ಟಿದಳು, ತನ್ನ ಹಣೆ ಮುಟ್ಟಿಕೊಂಡಳು.

"ಒಂಬತ್ತು," ಅಂದಳು.

ಎಂಟು ಅನ್ನಬೇಕಿತ್ತಲ್ಲ ಅಂತ ಗಂಡನಿಗೆ ಹೊಳೆಯಲೇ ಇಲ್ಲ. ವರ್ಷಗಟ್ಟಲೆ ಒಂಬತ್ತು ಕೇಳಿದ ಕಿವಿ, ಒಂಬತ್ತು ಕೇಳಿಸಿತು, ಕೈ ತಾನಾಗಿ ಕೀಲಿ ತಿರುಗಿಸಿತು. ವ್ಯಾನು ಗೇಟು ದಾಟಿತು. ಕಿರಿಯ ಮಗ ಕೈ ಬೀಸುತ್ತ ನಿಂತಿದ್ದ. ಸೊಸೆ ಅವನತ್ತ ನೋಡಲಾರದೆ ತಲೆ ತಗ್ಗಿಸಿದಳು.

ಮುಕ್ಕಾಲು ಗಂಟೆ ಹಾಗೇ ಕಳೆಯಿತು. ಗಂಡ ಎರಡು ಸಲ ತೋಳಿನಿಂದ ಮೂಗು ಒರೆಸಿಕೊಂಡ. ಅಮ್ಮನನ್ನು ಬಿಟ್ಟು ಬಂದೆ ಅಂತ ಅವನಿಗೆ ಸಂಕಟ. ಅದನ್ನು ನೋಡಿ ಸೊಸೆಗೆ ಇನ್ನೊಂದು ಬಗೆಯ ಸಂಕಟ. ಹೇಳೋಣ ಅಂದರೆ ವ್ಯಾನು ತಿರುಗಿಸಿಬಿಟ್ಟರೆ? ಇನ್ನೊಂದು ಸ್ವಲ್ಪ ದೂರ ಹೋಗಲಿ, ಇನ್ನೊಂದು ಸ್ವಲ್ಪ ದೂರ ಅಂತ ಉಗುರು ಕಚ್ಚುತ್ತ ಕೂತಳು.

ಆಗ ಫೋನು ಬಂತು. ದೊಡ್ಡ ಮಗಳು ಎತ್ತಿ, ಚಿಕ್ಕಪ್ಪ ಅಂತ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು. ಚಹಾ ತಗೊಂಡು ಮೇಲೆ ಹೋದೆ, ಅಮ್ಮ ಕೋಣೆಯಲ್ಲಿಲ್ಲ, ಇಡೀ ಬೀದಿ ಹುಡುಕಿದೆ, ಎಲ್ಲೂ ಇಲ್ಲ ಅಂದ. ಗಂಡ ಗಕ್ಕನೆ ಬ್ರೇಕು ಹಾಕಿ, ವ್ಯಾನನ್ನು ರಸ್ತೆಯ ಪಕ್ಕಕ್ಕೆ ತಂದು ಹಿಂದೆ ತಿರುಗಿದ. ಅವನ ತಾಯಿ ಎಂದಿನ ಸೀಟಿನಲ್ಲಿ ಗಾಜಿಗೆ ತಲೆ ಕೊಟ್ಟು ಕೂತಿದ್ದರು.

ಅವನು ಕಣ್ಣು ಬಿಟ್ಟುಕೊಂಡು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ತಾಯಿಯನ್ನು ನೋಡಿದ. ಅಮ್ಮ ಇಲ್ಲೇ ಇದ್ದಾಳೆ ಕಣೋ ಅಂತ ತಮ್ಮನಿಗೆ ಹೇಳಿದ. ಆಮೇಲೆ ಹೆಂಡತಿಗೆ, "ಏನೇ ಇದು, ನೀನು ಎಣಿಸಿದೆಯಲ್ಲ?" ಅಂದ.

ಲೆಕ್ಕ ತಪ್ಪಿತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವಾಪಸು ಹೋಗಿ, ಅತ್ತೆಯನ್ನು ಇಳಿಸಿ, ನಕ್ಕು, ಮನೆಗೆ ಬರಬಹುದಿತ್ತು. ಆ ಸುಳ್ಳು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು ಕೂಡ. ಆದರೆ ವಾಪಸು ಹೋಗುವುದು ಅಂತ ನೆನೆದ ಕೂಡಲೇ ಅದನ್ನು ನುಂಗಿಬಿಟ್ಟಳು.

"ಸರಿಯಾಗೇ ಎಣಿಸಿದೆ ರೀ. ನೋಡಿಯೇ ಎಣಿಸಿದೆ," ಅಂದಳು. "ಅವರನ್ನ ಬಿಟ್ಟು ಬರೋಕೆ ನನ್ನ ಕೈಲಿ ಆಗಲಿಲ್ಲ. ಉಸಿರಾಡೋಕೆ ಜಾಗ ಇಲ್ಲ ಅಂದವಳು ನಾನೇ, ಅದಕ್ಕೇ ಇರಿ ಅನ್ನೋಕೆ ಮುಖ ಇರಲಿಲ್ಲ. ಅತ್ತೆ ಇಲ್ಲದ ಮನೆ ನಂಗೆ ಬೇಡ."

ಫೋನು ಇನ್ನೂ ಆನ್ ಇತ್ತು. ಆ ಕಡೆಯಿಂದ ಕಿರಿಯ ಮಗ, "ಅತ್ತಿಗೆ, ಅಮ್ಮನಿಗೆ ಎಲ್ಲಿ ಸುಖವೋ ಅಲ್ಲಿರಲಿ. ಆ ಕೋಣೆ ಹಾಗೇ ಇಟ್ಟಿರ್ತೀನಿ," ಅಂದ. ಅವನಿಗೆ ನೋವಾಗಿತ್ತು, ಅದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಅದಕ್ಕೇ ಸೊಸೆಗೆ ಅವನ ಮೇಲೆ ಇನ್ನಷ್ಟು ಪ್ರೀತಿ ಬಂತು. ಬೇಸಿಗೆ ರಜೆಗೆ ನಾನೇ ಅತ್ತೆಯನ್ನು ಕರಕೊಂಡು ಬಂದು ತಿಂಗಳು ಬಿಟ್ಟಿರ್ತೀನಪ್ಪ, ನನ್ನ ಮೇಲೆ ಬೇಜಾರು ಮಾಡ್ಕೋಬೇಡ ಅಂದಳು. ಅವನು ಹೂಂ ಅಂದು, ಟ್ರಂಕು ಭಾನುವಾರ ತಂದುಕೊಡುತ್ತೇನೆ ಅಂತ ಫೋನು ಇಟ್ಟ.

ಇನ್ನು ಅತ್ತೆಯನ್ನು ಎಬ್ಬಿಸಿ ಕೇಳಬೇಕಿತ್ತು. ಇರುತ್ತೀರಾ ಅಂತ ಅವರ ಬಾಯಿಂದಲೇ ಕೇಳಬೇಕಿತ್ತು. ಅವರು ಒಲ್ಲೆ ಅಂದರೆ? ಸೊಸೆ ಸೀಟುಗಳ ನಡುವೆ ದಾಟಿಕೊಂಡು ಹಿಂದೆ ಹೋಗಿ, ಅವರ ಎದುರು ನೆಲದ ಮೇಲೆ ಕೂತು, ಮೊಣಕೈ ಮುಟ್ಟಿ, ಅತ್ತೆ ಅಂದಳು.

ಅತ್ತೆ ಕಣ್ಣು ತೆರೆದರು. ನಿದ್ದೆಯಿಂದ ಎದ್ದ ಕಣ್ಣಲ್ಲ ಅದು. ರೆಪ್ಪೆಯೆಲ್ಲ ಒದ್ದೆಯಾಗಿತ್ತು.

"ನಂಗೆಲ್ಲಿ ನಿದ್ದೆ ಬಂದಿತ್ತು," ಅಂದರು. "ನೀನು ಎಬ್ಬಿಸಿ ಇಳಿಸ್ತೀಯೋ ಏನೋ ಅಂತ ಕಣ್ಣು ಮುಚ್ಕೊಂಡು ಕೂತಿದ್ದೆ. ನಿನ್ನ ಕೈ ನನ್ನ ತಲೆ ಮೇಲೆ ಬಂತಲ್ಲ, ಆಮೇಲೇ ಜೀವ ಬಂದಿದ್ದು."

ಅಷ್ಟು ಸಾಕಾಯಿತು. ಚಳಿಗಾಲದಿಂದ ತಡೆದಿಟ್ಟಿದ್ದೆಲ್ಲ ಒಟ್ಟಿಗೆ ಒಡೆದು, ಸೊಸೆ ಅವರ ಮೊಣಕಾಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಒಂದು ಕೈಯಲ್ಲಿ ಗುಂಡನನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ಅವಳ ಬೆನ್ನು ತಟ್ಟಿದರು.

"ಮೆಲ್ಲಗೆ ಅಳೇ, ಮಗು ಏಳುತ್ತೆ," ಅಂದರು.