ಬೀಗ ಸರಿಯಿಲ್ಲ

ಶವ ಹೊರುವ ವಿಮಾನದ ಬಿದಿರಿಗೆ ಸಾಬಣ್ಣ ಹೆಗಲು ಕೊಡುವಷ್ಟರಲ್ಲಿ ಮುರಿಗೆವ್ವ ಅಡ್ಡ ಬಂದು ನಿಂತಳು. ಹೊಸ ರುಮಾಲು ಸುತ್ತಿ ಅದರಲ್ಲಿ ಕೂರಿಸಿದ್ದು ಅವಳ ಗಂಡ ಶಂಕ್ರೆಪ್ಪನನ್ನು.

“ಕೈ ತಗೀರಿ ಬೀಗರ. ಕೊಂದವರು ಹೆಗಲ ಕೊಡೂದು ಬ್ಯಾಡ.”

ಬಬಲೇಶ್ವರದ ಓಣಿ ಬಾಯಿ ಮುಚ್ಚಿ ಕಿವಿ ತೆರೆಯಿತು. ಟಿಕೋಟದ ಸಾಬಣ್ಣನ ಮಗನಿಗೇ ಅವಳು ಮಗಳು ಅಕ್ಕನಾಗಮ್ಮನನ್ನು ಕೊಟ್ಟಿದ್ದು.

“ನಾ ಏನ ಮಾಡೇನ್ರಿ ಅಕ್ಕಾರ? ಮೂರ ವರ್ಷ ಆತು ಮಾತ ಬಿಟ್ಟು. ಕಾರಣರೆ ಹೇಳ್ರಿ.”

“ಡಾಕ್ಟರ ಹೇಳ್ಯಾರ. ಬೀಗ ಸರಿ ಇಲ್ಲ, ಅದಕ್ಕ ಕಿಡ್ನಿ ಕೆಟ್ಟಾವು ಅಂತ!”

* * *

ಮಾತು ಬಿಡುವುದಕ್ಕೂ ಮುಂಚೆ ಸಾಬಣ್ಣ ದ್ರಾಕ್ಷಿ ಬುಟ್ಟಿ ಹೊತ್ತು ಬಸ್ಸಿಳಿದರೆ, ಓಣಿಗೇ ಹಬ್ಬ.

“ಹುಳಿ ಅದಾವಲ್ಲರಿ ಬೀಗರ, ನಿಮ್ಮ ಸ್ವಭಾವದಂಗ,” ಶಂಕ್ರೆಪ್ಪ ಕೆಣಕುತ್ತಿದ್ದ.

“ಹಂಗಾರ ಬುಟ್ಟಿ ಯಾಕ ಖಾಲಿ ಆತರಿ?”

ಆಮೇಲೆ ಶಂಕ್ರೆಪ್ಪನ ಕಾಲು ಬಾತವು. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಮೈಸೂರಿನ ಹೊಸ ಡಾಕ್ಟರೊಬ್ಬರಿದ್ದರು. ಒಳ್ಳೆಯವರು, ಬಿಡಿಸಿ ಹೇಳುವ ಚಟವೂ ಇತ್ತು.

“ರಕ್ತದಲ್ಲಿ ಒಂದು ಹಾರ್ಮೋನಿದೆ. ಅದು ಕೀಲಿ. ಅದು ಕೂರಬೇಕಾದ ಜಾಗ ಬೀಗ. ತಾಯಿ ಹೊಟ್ಟೆಯಲ್ಲಿ ಮೂತ್ರಪಿಂಡ ಬೆಳೆಯುವಾಗಲೇ ಬೀಗ ಸರಿಯಿಲ್ಲ. ಅದಕ್ಕೇ ಚಿಕ್ಕದಾಗಿ ಉಳಿದಿವೆ. ಈಗ ಬಿ.ಪಿ. ಏರುತ್ತಿರೋದೂ ಅದರಿಂದಲೇ.”

ಹಾರ್ಮೋನು ಎಂದರೆ ಭಜನೆಯ ಪೆಟ್ಟಿಗೆ ಎಂದುಕೊಂಡ ದಂಪತಿಗಳಿಗೆ ಪೂರ್ತಿ ತಿಳಿದ ಶಬ್ದಗಳು ಬೀಗ, ಕೀಲಿ ಎರಡೇ.

“ಹುಟ್ಟಾ ಸರಿ ಇಲ್ಲ ಅಂದ್ರಲ್ಲ,” ಬಸ್ಸಿನಲ್ಲಿ ಶಂಕ್ರೆಪ್ಪ ತಲೆದೂಗಿದ, “ಅದು ಖರೇನ ಐತಿ.”

“ಕೀಲಿ ಅಂದದ್ದು ಕೇಳ್ಲಿಲ್ಲೇನ? ಅವರ ಜೋಡಿ ಬಾಯಿಗೆ ಕೀಲಿ ಹಾಕ್ಕೋರಿ.”

ಹಾಕಿಕೊಂಡ. ದೇಶದಲ್ಲಿ ತುರ್ತುಪರಿಸ್ಥಿತಿ ಬಂದು ಹೋಯಿತು. ಬಬಲೇಶ್ವರ, ಟಿಕೋಟಗಳ ನಡುವೆ ಹೋಗಲಿಲ್ಲ. ದ್ರಾಕ್ಷಿಯ ಕಾಲ ಬಂದಾಗ ಮಾತ್ರ ಶಂಕ್ರೆಪ್ಪ ಬಸ್ಸಿನ ಹೊತ್ತಿಗೆ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ.

* * *

“ಡಾಕ್ಟರ ಮೈಸೂರ ಕಡೇವರೇನ್ರಿ?” ವಿಮಾನದ ಪಕ್ಕದಲ್ಲೇ ನಿಂತು ಸಾಬಣ್ಣ ಕೇಳಿದ.

“ಹೂಂ. ಅದ್ಯಾಕ?”

ಸಾಬಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡ.

“ಯಪ್ಪಾ… ದ್ರಾಕ್ಷಿ ಮಾರಾಕ ಬೆಂಗಳೂರಿಗೆ ಹೋದಾಗ ಲಾಡ್ಜಿನಾವ ‘ಬೀಗ ಹಾಕ್ಕೊಂಡು ಹೋಗಿ’ ಅಂದ. ನಮ್ಮ ಬೀಗರು ಊರಾಗ ಅದಾರ ಅಂದೆ! ಆ ಕಡೆ ಬೀಗ ಅಂದ್ರ ನಮ್ಮ ಕೀಲಿರಿ ಅಕ್ಕಾರ. ಕೀಲಿ ಅಂದ್ರ ಕೀಲಿಕೈ.”

ಗುಂಪಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮಾಗಿ ತಿದ್ದಿಕೊಂಡರು.

ಮುರಿಗೆವ್ವ ಗಂಡನ ರುಮಾಲು ಸರಿಮಾಡಿದಳು.

“ಹಂಗ ಹೇಳೂಮುಂದ ಅವರು ಕೀಲಿ ಹಾಕಿದ ಕಪಾಟಿನ ಕಡೆ ಕೈ ಮಾಡಿದ್ರು,” ಎಂದಳು ಕೊನೆಗೆ. “ನಾ ಟಿಕೋಟದ ದಿಕ್ಕ ತೋರಿಸಾಕತ್ತಾರ ಅಂದ್ಕೊಂಡೆ.”

ದಾರಿ ಬಿಟ್ಟಳು.

ಸಾಬಣ್ಣ ಉಳಿದವರಿಗಿಂತ ಗೇಣು ಗಿಡ್ಡ. ಎತ್ತಿದೊಡನೆ ವಿಮಾನ ಅವನ ಕಡೆ ವಾಲಿತು. ಒಳಗೆ ಕೂತ ಶಂಕ್ರೆಪ್ಪ ಮೆಲ್ಲನೆ ಬಾಗಿ, ಬೀಗನ ಕಿವಿಯ ಹತ್ತಿರ ಬಾಯಿ ತಂದ.